ಗಿಟ್ಟಿ ಗಟ್ಟಿಯಿದ್ದರೆ ಕಂಬಿ ಗಟ್ಟಿ

ನೊಣವಿನಕೆರೆ ಪಕ್ಕದ ಹಳ್ಳಿಯೊಂದರಲ್ಲಿ ಭೀಮರಾಜು ಎಂಬ ತೆಂಗಿನ ಬೆಳೆಗಾರನಿದ್ದಾನೆ. ಅವನ ತಾಯಿ ಚಿಕ್ಕಗೌರಮ್ಮ ಜಾರಿಬಿದ್ದು, ಸೊಂಟದ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಹಿಡಿದುಕೊಂಡು ಏಳಲು ಬಚ್ಚಲ ಗೋಡೆಗೆ ಸ್ಟೀಲ್ ಕಂಬಿ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು.

ಭೀಮರಾಜು ಕಂಬಿಯನ್ನೇನೋ ಒಳ್ಳೆಯದನ್ನೇ ತಂದ. ಆದರೆ ಗೋಡೆಗೆ ಉಳಿಯಿಂದ ತೂತು ಹೊಡೆದು, ಮರದ ಬೆಣೆ ಬಡಿದು, ಅದಕ್ಕೇ ಸ್ಕ್ರೂ ತಿರುಗಿಸಿದ.

"ಬಚ್ಚಲ ತೇವಕ್ಕೆ ಮರ ತಡೀತದೇನ್ರೀ? ಹಾರ್ಡ್‌ವೇರ್ ಅಂಗಡಿ ನಮ್ ಸುನಂದಾನ ಒಂದ್ಮಾತು ಕೇಳ್ಬಾರ್ದಾ?" ಎಂದಳು ಹೆಂಡತಿ ಚೈತ್ರ.

"ನಮ್ಮಪ್ಪ ಹೊಡೆದ ಗೂಟ ಇನ್ನೂ ಕೊಟ್ಟಿಗೇಲಿ ಹಂಗೇ ಐತೆ ಕಣೇ. ಸುಮ್ನಿರು."

ಕೆಲವು ದಿನ ಕಂಬಿ ನಿಂತಿತು. ಒಂದು ಬೆಳಗ್ಗೆ ಚಿಕ್ಕಗೌರಮ್ಮ ಅದನ್ನು ಹಿಡಿದು ಏಳುವಾಗ ಬೆಣೆಸಮೇತ ಕಿತ್ತು ಬಂತು. ಪಕ್ಕದಲ್ಲಿದ್ದ ಚೈತ್ರ ತಬ್ಬಿ ಹಿಡಿದಿದ್ದರಿಂದ ಮೂಳೆ ಉಳಿಯಿತು. ಧೈರ್ಯ ಮಾತ್ರ ಉಳಿಯಲಿಲ್ಲ.

"ಗೋಡೆನೇ ಕೈ ಬುಡ್ತು ಕಣಪ್ಪ. ನಾ ಇನ್ನು ಅತ್ಲಾಗೆ ಹೋಗಾಕಿಲ್ಲ" ಎಂದುಬಿಟ್ಟರು.

ಎರಡು ದಿನ ನೋಡಿದ ಚೈತ್ರ ಗಂಡನಿಗೆ ಹೇಳಿದಳು: "ಅವ್ವ ನೀರು ಕುಡಿಯೋದನ್ನೇ ಬುಟ್ಟವ್ರೆ. ಕುಡುದ್ರೆ ಬಚ್ಚಲಿಗೆ ಹೋಗ್ಬೇಕಾಗ್ತದಲ್ಲ, ಅದ್ಕೆ."

ಭೀಮರಾಜು ತಕ್ಷಣ ಎದ್ದು, ಕಿತ್ತ ಬೆಣೆಯನ್ನು ಜೇಬಿಗೆ ಹಾಕಿಕೊಂಡು ನೊಣವಿನಕೆರೆಗೆ ಹೊರಟ. ಚೈತ್ರಳ ಗೆಳತಿ ಸುನಂದಾಳ ಹಾರ್ಡ್‌ವೇರ್ ಅಂಗಡಿ ಅಲ್ಲಿದೆ.

ಸುನಂದಾ ಬೆಣೆಯನ್ನು ತಿರುಗಿಸಿ ನೋಡಿದಳು. "ಗೂಟಕ್ಕೆ ಹಗ್ಗ ನೇತಾಕ್ಬೋದು ಅಣ್ಣ, ಮನುಷ್ಯರ ಭಾರ ಹಾಕ್ಬಾರ್ದು. ಒಣಗಿದ್ರೆ ಕುಗ್ತದೆ, ನೆಂದ್ರೆ ಕೊಳೀತದೆ. ಗೋಡೆ ಯಾವ್ದು?"

"ಸುಟ್ಟಿಟ್ಟಿಗೆ."

"ಸದ್ಯ. ಟೊಳ್ಳು ಬ್ಲಾಕಾದ್ರೆ ಬೇರೆ ಥರದ ಗಿಟ್ಟಿ ಬೇಕು, ಮಣ್ಗೋಡೆ ಆಗಿದ್ರೆ ಗಿಟ್ಟಿ ನಿಲ್ಲೋದೇ ಇಲ್ಲ."

ಗೋಡೆಯ ತೂತಿಗೆ ತೂರಿಸಿ ಸ್ಕ್ರೂ ಕೂರಿಸುವ ಎರಡು ಪ್ಲಾಸ್ಟಿಕ್ ಗಿಟ್ಟಿಗಳನ್ನು ಅವಳು ಮುಂದಿಟ್ಟಳು.

"ಎರಡೂ ಒಂದೇ ಅಲ್ವೇನಮ್ಮ?"

"ಬಗ್ಗಿಸಿ ನೋಡಿ."

ಒಂದು ಬೆಳ್ಳಗಾಗಿ ಪಟ್ಟನೆ ಸೀಳಿತು. ಇನ್ನೊಂದು ಬಾಗಿ ಮತ್ತೆ ನೆಟ್ಟಗಾಯಿತು.

"ಬಾಗಿದ್ದು ನೈಲಾನು" ಎಂದಳು ಸುನಂದಾ.

"ದುಬಾರಿ ಇರ್ಬೇಕು."

"ಒಂದು ಪ್ಯಾಕೆಟ್ಟಿಗೆ ಒಂದು ಎಳನೀರು ಕುಡಿದಷ್ಟಾಗ್ತದೆ, ಅಷ್ಟೇ. ಗಿಟ್ಟಿ ಮೇಲೆ ಹತ್ತು ಅಂತ ಐತಲ್ಲ, ಡ್ರಿಲ್ಲಿಗೆ ಹಾಕೋ ಬಿಟ್ಟೂ ಹತ್ತು ಎಂ.ಎಂ.ದೇ ಇರ್ಬೇಕು. ತೂತು ಗಾರೆ ದಾಟಿ ಇಟ್ಟಿಗೆ ಒಳಕ್ಕೆ ಹೋಗ್ಲಿ, ಇಟ್ಟಿಗೆ ಸಂದಿಗೆ ಬ್ಯಾಡ. ಪೈಪು, ವೈರು ಎಲ್ಲೈತೆ ನೋಡ್ಕೊಂಡು ಕೊರೀರಿ. ತೂತಲ್ಲಿ ಧೂಳು ಉಳಿದ್ರೆ ಹಿಡಿತ ಬರಲ್ಲ. ಸ್ಕ್ರೂ ಈ ಗಿಟ್ಟಿಗೆ ಹೊಂದೋದನ್ನ ನಾನೇ ಕೊಡ್ತೀನಿ, ತುಕ್ಕು ಹಿಡಿಯಾಕಿಲ್ಲ."

ಡ್ರಿಲ್ಲನ್ನೂ ಅವಳೇ ಕೊಟ್ಟು ಕಳಿಸಿದಳು.

ಭೀಮರಾಜು ಹಳೆಯ ತೂತುಗಳನ್ನು ಬಿಟ್ಟು ಹೊಸ ಜಾಗದಲ್ಲಿ ಕೊರೆದ. ಚೈತ್ರ ಸೈಕಲ್ ಪಂಪಿನಲ್ಲಿ ಧೂಳು ಊದಿದಳು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಿಟ್ಟಿ ಬಿಗಿಯಾಗಿ ಕೂತಿತು. ಕಂಬಿ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಮೈಭಾರ ಬಿಟ್ಟು ಹಿಂದಕ್ಕೆ ಜಗ್ಗಿದ. ಅಲುಗಲಿಲ್ಲ.

ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಿಕ್ಕಗೌರಮ್ಮ, "ಅವಳೂ ಜಗ್ಲಿ" ಎಂದರು.

ಚೈತ್ರಳೂ ಜಗ್ಗಿದಳು. ಆಮೇಲೆ ಚಿಕ್ಕಗೌರಮ್ಮನೇ ಬಂದು ಕಂಬಿಯನ್ನು ಒಮ್ಮೆ ಅಲ್ಲಾಡಿಸಿದರು, ಇನ್ನೊಮ್ಮೆ ಅಲ್ಲಾಡಿಸಿದರು.

"ಸರಿ, ನೀವಿಬ್ರೂ ಆಚೆ ಹೋಗ್ರಿ" ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡರು.

ಗಂಡ ಹೆಂಡತಿ ಹೊರಗೇ ಕಿವಿಗೊಟ್ಟು ನಿಂತರು. ಒಳಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಕಂಬಿ ಹಿಡಿದು ಏಳುವವರು ಇರಬಹುದು. ಕೊಳ್ಳುವಾಗ ಕಂಬಿಯ ಹೊಳಪನ್ನಷ್ಟೇ ನೋಡಬೇಡಿ. ನಿಮ್ಮ ಗೋಡೆ ಯಾವುದೆಂದು ಅಂಗಡಿಯಲ್ಲಿ ಹೇಳಿ, ಗಿಟ್ಟಿಯನ್ನು ಬಗ್ಗಿಸಿ ನೋಡಿ, ಅದರ ಅಳತೆಗೆ ಸರಿಯಾದ ತೂತನ್ನೇ ಕೊರೆಸಿ. ಮೊದಲು ನೀವು ಜಗ್ಗಿ ನೋಡಿ, ಆಮೇಲೆ ಹಿರಿಯರ ಕೈಗೆ ಕೊಡಿ.