ಹುಡುಕಿದರೂ ಸಿಗದ ಗುಡುಗಮ್ಮ

ಮಧ್ಯಾಹ್ನದ ಊಟವಾಯಿತೆಂದರೆ ಅತ್ತೆಯ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗೆ ಅತ್ತೆ ಮತ್ತು ನನ್ನ ವಾರಗಿತ್ತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಆ ಹೊತ್ತಿಗೆ ಮಿಷನ್ನು ನಿಲ್ಲಿಸಿ, ಕಣ್ಣು ಮಂಜಾದ ಅತ್ತೆಗೆ ಇಟ್ಟಿಗೆಯಷ್ಟು ದಪ್ಪನೆಯ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದಳು. ನನಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ರಜೆಯ ದಿನ ಹೊರಗೆ ಕೂತು ಒಳಗಿನ ನಗು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಕಂಡವರಿಗೆಲ್ಲ ಕನ್ನಡಕ ಹೊಂದಿಸಿ ಕೊಡುವವಳು ನಾನು, ಅತ್ತೆಗೆ ಕಣ್ಣಾಗಿರುವವಳು ಅವಳಂತೆ!

ನೀನೂ ಹೋಗಿ ಕೂರಬಹುದಿತ್ತಲ್ಲ ಅಂತೀರಾ? ಮೊದಮೊದಲು ಒಂದು ಸಲ ಹೋಗಿ ಕೂತಿದ್ದೆ. ಆ ಕಾದಂಬರಿಯಲ್ಲೋ ನಾಲ್ಕು ತಲೆಮಾರು, ತಾತನ ಹೆಸರೇ ಮೊಮ್ಮಗನಿಗೆ. "ಇವನು ಯಾರ ಮಗ?" ಎಂದು ಅತ್ತೆ ಕೇಳಿದರೆ ಅಕ್ಕ ತಡವರಿಸದೆ ಹೇಳುತ್ತಿದ್ದಳು. ನಾನು ನಡುವೆ ಬಾಯಿ ಹಾಕಿ, ಅಣ್ಣನನ್ನು ತಂಗಿಗೇ ಗಂಡನನ್ನಾಗಿ ಮಾಡಿಬಿಟ್ಟೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮತ್ತೆ ನಾನು ಆ ಕಡೆ ತಲೆ ಹಾಕಲಿಲ್ಲ.

ಸಂಬಳ ಬಂದದ್ದೇ ತಡ, ಒಂದು ಇ-ರೀಡರ್ ತಂದೆ. ಅದೇ ಕಾದಂಬರಿಯನ್ನು ಅದರೊಳಗೆ ಇಳಿಸಿ, ಅಕ್ಷರವನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿಕೊಟ್ಟೆ.

"ನೋಡಿ ಅತ್ತೆ, ಹೆಸರಿನ ಮೇಲೆ ಬೆರಳು ಒತ್ತಿ ಹಿಡೀರಿ. ಯಾರು, ಯಾರ ಮಗ, ಮೊದಲು ಎಲ್ಲಿ ಬಂದಿದ್ದ, ಎಲ್ಲ ಬರುತ್ತೆ. ಇನ್ಮೇಲೆ ಯಾರನ್ನೂ ಕೇಳಬೇಕಾಗಿಲ್ಲ."

'ಯಾರನ್ನೂ' ಎನ್ನುವುದನ್ನು ಅಕ್ಕನಿಗೆ ಕೇಳಿಸುವಂತೆಯೇ ಹೇಳಿದೆ. ಅತ್ತೆ ಒತ್ತಿ ನೋಡಿ, "ಅಬ್ಬಾ! ಇದಕ್ಕೆ ಎಲ್ಲರ ಜಾತಕಾನೂ ಗೊತ್ತಲ್ಲೇ!" ಎಂದರು. ಅಕ್ಕ ಹೋಗಿ ಮಿಷನ್ನಿನ ಮುಂದೆ ಕೂತಳು. ನನಗೆ ಹಾಲು ಕುಡಿದಷ್ಟು ಸಂತೋಷ.

ಆ ಸಂತೋಷ ಮುಂದಿನ ರಜೆಯವರೆಗೂ ಬಾಳಲಿಲ್ಲ.

"ಏನೇ ಇದು, ಇದರಲ್ಲಿ ಗುಡುಗಮ್ಮನೇ ಇಲ್ಲ!" ಎಂದು ಅತ್ತೆ ಕೂಗಿದರು.

"ಅವಳ್ಯಾರು?"

"ಆ ದೊಡ್ಡ ಮನೇಲಿ ಬಟ್ಟೆ ಒಗೆಯೋಳು ಕಣೇ. ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳಿಗೋಸ್ಕರಾನೇ ನಾನು ಈ ಕಥೆ ಕೇಳ್ತಿದ್ದಿದ್ದು."

ನನ್ನ ಬಗ್ಗೆ ಒಂದು ದಿನವಾದರೂ ಇಷ್ಟು ಅಕ್ಕರೆಯಿಂದ ಮಾತಾಡಿದ್ದರೆ! ಪುಸ್ತಕದಲ್ಲಿ ಬಟ್ಟೆ ಒಗೆಯುವವಳ ಮೇಲೂ ಹೊಟ್ಟೆ ಉರಿಯಿತು. ಹುಡುಕುವ ಜಾಗದಲ್ಲಿ ಅವಳ ಹೆಸರು ಹಾಕಿದೆ. ಒಂದೂ ಸಿಗಲಿಲ್ಲ. 'ಬಟ್ಟೆ' ಎಂದು ಹಾಕಿ, ಸಿಕ್ಕಿದ ಜಾಗಗಳನ್ನೆಲ್ಲ ತೆರೆದು ನೋಡಿದೆ. ಬಟ್ಟೆ ಇತ್ತು, ಒಗೆಯುವವಳು ಇರಲಿಲ್ಲ. ಆಗ ಹೊಳೆಯಿತು. ಅಕ್ಕ ಇಷ್ಟು ದಿನ ಪುಸ್ತಕದಲ್ಲಿ ಇಲ್ಲದವಳನ್ನು ಓದಿದ್ದಳು!

ಕೈ ಹಿಡಿದು ಅಕ್ಕನನ್ನು ಎಳೆದುಕೊಂಡೇ ಬಂದೆ. "ನಿಮ್ಮ ಮುದ್ದಿನ ಸೊಸೆ ನಿಮಗೆ ಟೋಪಿ ಹಾಕಿದಾಳೆ ಅತ್ತೆ. ಗುಡುಗಮ್ಮ ಅನ್ನೋಳೇ ಇಲ್ಲ. ಎಲ್ಲ ಇವಳ ಬುರುಡೆ!"

ಅಕ್ಕನ ಮುಖ ಸಪ್ಪಗಾಯಿತು. "ಆ ಮನೇಲಿ ಎಲ್ಲರೂ ಬರೀ ನಿಟ್ಟುಸಿರು ಬಿಡೋರೇ ಅತ್ತೆ. ನೀವು ಗೊರಕೆ ಹೊಡೀತಿದ್ರಿ. ಅದಕ್ಕೆ ನಾನೇ ಒಬ್ಬಳನ್ನ ಸೇರಿಸಿದೆ."

ಈಗ ಬೀಳುತ್ತದೆ ಬೈಗುಳ ಎಂದು ಕಾದೆ. ಅತ್ತೆ ಇ-ರೀಡರನ್ನು ನನ್ನ ಕೈಗಿಟ್ಟರು. "ಹಾಗಾದ್ರೆ ಇದು ನನಗ್ಯಾಕೆ?" ಎಂದು ಅಕ್ಕನ ಕಡೆ ತಿರುಗಿದರು. "ಯಜಮಾನಿ ಹತ್ರ ಜಗಳ ಆಡಿ ಹೋದ್ಲಲ್ಲ, ಆಮೇಲೇನಾಯ್ತು?"

ಸಂಬಳ ಸುರಿದು ತಂದವಳು ನಾನು, ಸುಳ್ಳು ಹಿಡಿದವಳೂ ನಾನು. ಗೆದ್ದವಳು ಮಾತ್ರ ಅವಳು. ಸಾಯಲಿ ಎಂದು ಹೊರಟೆ.

ಅಕ್ಕ ನನ್ನ ಕಡೆ ನೋಡದೆ ಶುರು ಮಾಡಿದಳು. "ಮಾರನೇ ದಿನ ಮತ್ತೆ ಬಂದ್ಲು. ಬಂದವಳೇ ಒಂದು ಚಪ್ಪಲಿ ಆ ಕಡೆ, ಒಂದು ಈ ಕಡೆ ಎಸೆದ್ಲು. 'ಈ ಮನೇಲಿ ನಾನೂ ಒಬ್ಬಳು ಇದೀನಿ ಅಂತ ಯಾರಿಗಾದ್ರೂ ನೆನಪಿದ್ಯಾ?' ಅಂತ ಬಕೆಟ್ ಕುಕ್ಕಿದ್ಲು. ಆದ್ರೆ ಯಜಮಾನಿ ಕಾಲು ಹಿಡ್ಕೊಂಡು ನರಳಿದಾಗ ಎಲ್ಲರಿಗಿಂತ ಮೊದಲು ಓಡಿ ಬಂದೋಳೂ ಅವಳೇ."

ಹೊಸ್ತಿಲಲ್ಲೇ ನಿಂತುಬಿಟ್ಟೆ. ಆ ಮಾತು ನನ್ನದು. ಮೊನ್ನೆ ಅಂಗಡಿಯಿಂದ ಬಂದು ಅಡುಗೆಮನೆಯಲ್ಲಿ ನಾನೇ ಕೂಗಾಡಿದ್ದು. ಅತ್ತೆಯ ಕಾಲು ಸೆಳೆತಕ್ಕೆ ಓಡಿ ಬಂದು ಎಣ್ಣೆ ತಿಕ್ಕಿದವಳೂ ನಾನೇ.

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಅವಳಿಲ್ಲದಿದ್ರೆ ಅದೂ ಒಂದು ಮನೇನಾ!"

"ಚಪ್ಪಲಿ ಎಸೆಯಲ್ಲ ಅಕ್ಕಾ, ಒದೀತಾಳೆ," ಎಂದೆ. "ಹೇಳೋದಾದ್ರೆ ಸರಿಯಾಗಿ ಹೇಳು."

ಅತ್ತೆ ಮಂಚದ ಮೇಲೆ ಸರಿದು ಜಾಗ ಬಿಟ್ಟರು.