ರೊಟ್ಟಿ ಉಬ್ಬದ ಒಲೆ

ಜಗಳೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಆರು ಹೆಂಗಸರು ಸೇರಿ ನಡೆಸುವ ರೊಟ್ಟಿ ಕೇಂದ್ರವಿದೆ. ಅಲ್ಲಿ ಹನ್ನೊಂದು ದಿನಗಳಿಂದ ರೊಟ್ಟಿ ಉಬ್ಬುತ್ತಿರಲಿಲ್ಲ. ಹಂಚು ಸರಿಯಾಗಿ ಕಾಯದಿದ್ದರೆ ಜೋಳದ ರೊಟ್ಟಿ ಬೇಯುವುದಿಲ್ಲ, ಒಣಗುತ್ತದೆ. ಎರಡು ಹೋಟೆಲಿನವರು ಆಗಲೇ ರೊಟ್ಟಿ ವಾಪಸ್ ಕಳಿಸಿದ್ದರು.

ಒಲೆ ಕೊಂಡು ಆರು ತಿಂಗಳಾಗಿತ್ತು. ಮೆಕ್ಕೆಜೋಳದ ದಂಟು, ಶೇಂಗಾ ಸಿಪ್ಪೆಯನ್ನು ಪುಡಿಮಾಡಿ ಒತ್ತಿದ ಸಣ್ಣ ಸಣ್ಣ ತುಂಡುಗಳು, ಅಂದರೆ ಪೆಲೆಟ್, ಅದರ ಉರುವಲು. ಕೆಳಗಿನ ಫ್ಯಾನ್ ಗಾಳಿ ಊದುತ್ತದೆ, ಹೊಗೆ ಇರುವುದಿಲ್ಲ. ಸೌದೆ ಒಲೆಯ ಮುಂದೆ ಹದಿನಾಲ್ಕು ವರ್ಷ ಕೆಮ್ಮಿದ್ದ ಲಕ್ಷ್ಮೀದೇವಿ ಈ ಒಲೆ ಕೆಡುವವರೆಗೂ ಕೆಮ್ಮಿರಲಿಲ್ಲ. ಕೇಂದ್ರದ ಮುಖ್ಯಸ್ಥೆ ಅಂಜಿನಮ್ಮ ಒಲೆಯನ್ನು ಬಿಟ್ಟುಕೊಡಲು ಸಿದ್ಧರಿರದಿದ್ದುದು ಅದಕ್ಕೇ.

ಗುರುವಾರ ಬೆಳಿಗ್ಗೆ, ಒಲೆ ಮಾರಿ ಪೆಲೆಟ್ ಕೂಡ ಕೊಡುತ್ತಿದ್ದ ಅಂಗಡಿಯಿಂದ ಮೆಕ್ಯಾನಿಕ್ ಪ್ರವೀಣ್ ಕುಮಾರ್ ಒಂದು ಚೀಲ ಪೆಲೆಟ್ ಹೊತ್ತು ಬಂದ. ಫ್ಯಾನ್ ಹಾಕಿ ಸದ್ದು ಕೇಳಿದ, ಆರಿಸಿದ, ಒಂದು ಕಾಗದ ಚಾಚಿದ.

"ಒಲೆ ಸರಿ ಐತೆ ಅಂಜಿನಮ್ಮಾರೆ. ನಿಮಗೆ ಹಚ್ಚಾಕೆ ಬರಲ್ಲ, ಅಷ್ಟೇ. ಇಲ್ಲಿ ಸಹಿ ಹಾಕ್ರಿ."

ಕಾಗದದಲ್ಲಿ 'ಯಂತ್ರದಲ್ಲಿ ದೋಷವಿಲ್ಲ, ಬಳಸುವವರ ತಪ್ಪು' ಎಂದು ಅಚ್ಚಾಗಿತ್ತು. ಸಹಿ ಹಾಕಿದರೆ ವಾರಂಟಿ ಅಲ್ಲಿಗೇ ಮುಗಿಯಿತು.

"ನೀನು ಅಂಗಡಿಯಿಂದ ಹೊರಡೋ ಮುಂಚೇನೇ ನಮ್ಮ ತಪ್ಪು ಗೊತ್ತಾಗಿತ್ತೇನಪ್ಪ?" ಎಂದರು ಅಂಜಿನಮ್ಮ. "ಕೂತ್ಕೋ. ನೋಡಿ ಆದಮೇಲೆ ಸಹಿ."

"ನನಗಿನ್ನೂ ಮೂರು ಕಡೆ ಹೋಗಾಕೆ ಐತ್ರಿ."

"ನಮಗೆ ಇನ್ನೂರು ರೊಟ್ಟಿ ಬೇಯಿಸಾಕೆ ಐತೆ."

ಅವರು ಮೊದಲು ಬೂದಿ ತಟ್ಟೆ ಎಳೆದು ತೋರಿಸಿದರು. ಖಾಲಿ. ಉರಿಯುವ ಬಟ್ಟಲಿನಲ್ಲಿ ಕಿಟ್ಟ ಕಟ್ಟಿರಲಿಲ್ಲ. ಆಮೇಲೆ ಪ್ರವೀಣ್ ಆ ದಿನ ತಂದಿದ್ದ ಚೀಲವನ್ನು ಅವನ ಕೈಯಿಂದಲೇ ಬಿಚ್ಚಿಸಿದರು.

"ಒಂದು ಪೆಲೆಟ್ ಮುರಿ."

ಅದು ಮುರಿಯಲಿಲ್ಲ, ಬೆರಳಲ್ಲಿ ಹಿಟ್ಟಾಯಿತು. ಮಳೆ ಹಿಡಿದಮೇಲೆ ಅಂಗಡಿ ಕಳಿಸಿದ್ದ ಹಿಂದಿನ ಮೂರು ಚೀಲಗಳದ್ದೂ ಹಾಗೇ ಆಯಿತು. ಜನವರಿಯಲ್ಲಿ ಕೊಂಡು ಮುಚ್ಚಳದ ಡಬ್ಬಿಯಲ್ಲಿ ಉಳಿಸಿದ್ದರಲ್ಲಿ ಒಂದನ್ನು ಅಂಜಿನಮ್ಮ ತಾವೇ ಮುರಿದರು. ಟಪ್ಪೆಂದಿತು.

"ನಿಮ್ಮ ಗೋಡೌನ್ ಸೋರ್ತೈತೆ."

"ಮಳೆಗಾಲ ಅಲ್ಲೇನ್ರೀ," ಎಂದ ಪ್ರವೀಣ್, ಕೈ ಒರೆಸಿಕೊಳ್ಳುತ್ತ.

"ಮಳೆಗಾಲ ಅಂತ ಹೋಟೆಲಿನೋರು ಹಸಿ ರೊಟ್ಟಿ ತಿಂತಾರೇನು?" ಎಂದರು ಲಕ್ಷ್ಮೀದೇವಿ. ಹಿಟ್ಟು ಮಿದಿಯುತ್ತಿದ್ದವರೆಲ್ಲ ನಕ್ಕರು.

ಒಣ ಪೆಲೆಟ್ ಹಾಕಿ ಹಚ್ಚಿದರು. ಉರಿ ಬಂತು, ಆದರೆ ಹಳದಿ, ಸೋಮಾರಿ ಉರಿ. ಹಂಚಿಗೆ ಬಿದ್ದ ರೊಟ್ಟಿ ಚಪ್ಪಟೆಯಾಗಿಯೇ ಉಳಿಯಿತು. ಪ್ರವೀಣ್ ಮುಖದಲ್ಲಿ ಗೆಲುವು ಕಂಡಿತು.

"ಈಗೇನಂತೀರಿ?"

ಅಂಜಿನಮ್ಮ ಒಲೆ ಆರಿಸಿ, ತಣಿಯುವವರೆಗೆ ಕಾದು, ಅದರ ಸುತ್ತ ಕೈಯಾಡಿಸಿದರು. ಶ್ರಾವಣ ಹಿಡಿದ ದಿನದಿಂದ ಲಕ್ಷ್ಮೀದೇವಿ ಬೆಳಗಿನ ಜಾವ ಒಲೆಗೆ ಕೆಮ್ಮಣ್ಣು ಸಾರಿಸಿ, ಅರಿಶಿನ ಕುಂಕುಮ ಇಟ್ಟು, ಆಮೇಲೆ ಹಚ್ಚುತ್ತಿದ್ದರು. ಮಣ್ಣಿನ ಒಲೆಗೆ ಅವರ ಮನೆಯಲ್ಲಿ ಮೊದಲಿನಿಂದ ನಡೆದುಬಂದದ್ದು. ತಗಡಿನ ಒಲೆಗೂ ತಪ್ಪಿಸಲು ಮನಸ್ಸು ಬಂದಿರಲಿಲ್ಲ. ಅಂಜಿನಮ್ಮ ಪೊರಕೆ ಕಡ್ಡಿಯಿಂದ ಮೈಯನ್ನು ಕೆರೆದರು. ಒಣಗಿದ ಕೆಂಪು ಪದರದ ಕೆಳಗೆ ಗಾಳಿ ತೂತುಗಳಿದ್ದವು. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಮುಚ್ಚಿದ್ದವು. ಇಂದಿಗೆ ಶ್ರಾವಣದ ಹನ್ನೊಂದನೇ ದಿನ.

ಲಕ್ಷ್ಮೀದೇವಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಅಕ್ಕಾ, ಅವನಿಗೆ ತೋರಿಸಬ್ಯಾಡ. ಎಲ್ಲಾ ನಮ್ಮ ತಲೆಗೇ ಕಟ್ತಾನೆ. ಪೆಲೆಟ್ ಹಸಿ ಅಂತಷ್ಟೇ ಬರೆಸು."

"ಅವರ ತಪ್ಪು ಬರೆದು ನಮ್ದು ಮುಚ್ಚಿಟ್ರೆ, ನಮಗೂ ಅವನಿಗೂ ಏನು ಫರಕ್ಕು?"

ಅವರು ಪ್ರವೀಣನನ್ನು ಕರೆದು ತೂತುಗಳನ್ನು ತೋರಿಸಿದರು, ಅವನ ಮುಂದೆಯೇ ಎಲ್ಲವನ್ನೂ ಬಿಡಿಸಿದರು. ಒಣ ಪೆಲೆಟ್ ಹಾಕಿ ಮತ್ತೆ ಹಚ್ಚಿದಾಗ ಉರಿ ಸುಯ್ಯೆಂದು ಮೇಲೆದ್ದಿತು. ರೊಟ್ಟಿ ಉಬ್ಬಿತು.

"ಹಂಗಾದ್ರೆ ತಪ್ಪು ನಿಮ್ದೇ ಆಯ್ತಲ್ರೀ," ಎಂದು ಪ್ರವೀಣ್ ಕಾಗದವನ್ನು ಮತ್ತೆ ಮುಂದೆ ಹಿಡಿದ.

"ಈಗ ನಿನ್ನ ಚೀಲದ್ದು ಹಾಕು."

ಹಾಕಿದ. ತೂತುಗಳೆಲ್ಲ ತೆರೆದಿದ್ದರೂ ಐದು ನಿಮಿಷದಲ್ಲಿ ಉರಿ ಕುಗ್ಗಿ ಹೊಗೆ ಎದ್ದಿತು. ಲಕ್ಷ್ಮೀದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದರು.

ಅಂಜಿನಮ್ಮ ಪೆನ್ನು ತೆಗೆದುಕೊಂಡು ಅಚ್ಚಾಗಿದ್ದ ಸಾಲನ್ನು ಉದ್ದಕ್ಕೆ ಹೊಡೆದುಹಾಕಿದರು. ಕೆಳಗೆ ಬರೆದರು: 'ಹತ್ತೊಂಬತ್ತು ಗಾಳಿ ತೂತು ನಾವು ಮುಚ್ಚಿದ್ದೆವು, ನಾವೇ ತೆಗೆದೆವು. ಅಂಗಡಿ ಕೊಟ್ಟ ನಾಲ್ಕು ಚೀಲ ಪೆಲೆಟ್ ನೆನೆದಿವೆ, ಅಂಗಡಿಯೇ ಬದಲಿಸಬೇಕು. ವಾರಂಟಿ ಮುಂದುವರಿಯುತ್ತದೆ.'

"ಇದನ್ನ ನಮ್ಮ ಸಾಹುಕಾರ್ರು ಒಪ್ಪಲ್ರೀ."

"ಒಪ್ಪದಿದ್ರೆ ಅವರೇ ಬರ್ಲಿ. ಇಬ್ಬರ ತಪ್ಪೂ ತೋರಿಸ್ತೀನಿ. ನೀನು ನೋಡಿದ್ದಕ್ಕೆ ನೀನು ಸಹಿ ಹಾಕು. ಅಲ್ಲೀವರೆಗೂ ಕಾಗದ ನನ್ನ ಹತ್ರ ಇರ್ತೈತೆ."

ಅವರು ಬರೆದದ್ದನ್ನು ಪ್ರವೀಣ್ ಎರಡು ಸಲ ಓದಿದ. ಸುಳ್ಳಿರುವ ಪದ ಹುಡುಕಿದಂತಿತ್ತು; ಸಿಗಲಿಲ್ಲ. ಸಹಿ ಹಾಕಿ, ನೆನೆದ ಚೀಲಗಳನ್ನು ಒಂದೊಂದಾಗಿ ವ್ಯಾನಿಗೆ ಹೊತ್ತ.