ನೀರಿನೊಳಗೆ ಕೂಗಿದ್ದು ಯಾರ ಕಂಪ್ಯೂಟರ್?

ಈಗಿನ ಮನೆಗಳಲ್ಲಿ ಕೂಗದ ವಸ್ತು ಯಾವುದಿದೆ ಹೇಳಿ. ಫ್ರಿಜ್ಜಿನ ಬಾಗಿಲು ತುಸು ತೆರೆದಿದ್ದರೆ ಅದು ಕೂಗುತ್ತದೆ. ಬಟ್ಟೆ ಒಗೆದು ಮುಗಿಸಿದ ಯಂತ್ರ, ಬಂದು ತೆಗೆಯಿರಿ ಎಂದು ಕೂಗುತ್ತದೆ. ಬೀದಿಯಲ್ಲಿ ಹಿಂದಕ್ಕೆ ಬರುವ ಲಾರಿ ಕೂಗುತ್ತದೆ. ಫೋನಿನ ವಿಷಯವಂತೂ ಕೇಳಲೇಬೇಡಿ. ಅವು ಕೂಗುತ್ತಲೇ ಇವೆ, ನಾವು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೇವೆ. ಮನೆಯಲ್ಲಿ ಹೀಗಾದರೆ ಹೆಚ್ಚೆಂದರೆ ಹಾಲು ಕೆಡುತ್ತದೆ, ಒದ್ದೆ ಬಟ್ಟೆ ಮುಗ್ಗಲು ಹಿಡಿಯುತ್ತದೆ. ನೀರಿನ ತಳದಲ್ಲಿ ಹೀಗಾದರೆ ಏನಾಗುತ್ತದೆ ಎನ್ನುವುದಕ್ಕೆ ಬಂದರಿನ ಹಿಂದಿನ ಬೀದಿಯ ಒಂದು ಮನೆಯ ಕಥೆ ಹೇಳುತ್ತೇನೆ. ನಾನು ಕದ್ದು ಹೇಳುತ್ತಿಲ್ಲ, ಆ ಮನೆಯವರೇ ಹೇಳು ಎಂದಿದ್ದಾರೆ.

ಆ ಮನೆಯ ಅಣ್ಣತಮ್ಮಂದಿರಿಬ್ಬರೂ ಡೈವರ್‌ಗಳು. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು ಚಿಪ್ಪು ಆಯ್ದು ತರುವುದು ಅವರ ಕಸುಬು. ಈ ಕಸುಬಿನಲ್ಲಿ ಇಳಿಯುವುದು ದೊಡ್ಡ ಮಾತಲ್ಲ, ಮೇಲೆ ಬರುವುದೇ ದೊಡ್ಡ ಮಾತು. ತಳದಿಂದ ಅವಸರದಲ್ಲಿ ಮೇಲೇರಿದರೆ ಮೈಯೊಳಗೆ ಗಾಳಿಯ ಗುಳ್ಳೆಗಳು ಹುಟ್ಟಿಕೊಂಡು ಕೀಲಿಗೋ ಬೆನ್ನುಹುರಿಗೋ ಪೆಟ್ಟು ಕೊಡುತ್ತವೆ. ಅದಕ್ಕೇ ಡೈವರ್‌ಗಳು ಕೈಗೊಂದು ಡೈವ್ ಕಂಪ್ಯೂಟರ್ ಕಟ್ಟಿಕೊಳ್ಳುತ್ತಾರೆ. ನೋಡಲು ದಪ್ಪನೆಯ ಕೈಗಡಿಯಾರ. ಎಷ್ಟು ಆಳ, ಎಷ್ಟು ಹೊತ್ತು, ಎಲ್ಲಿ ನಿಂತು ನಿಂತು ಬರಬೇಕು ಎಂದೆಲ್ಲ ತೋರಿಸುತ್ತದೆ, ತಪ್ಪಿದರೆ ಪೀಪ್ ಪೀಪ್ ಎನ್ನುತ್ತದೆ.

ಅಣ್ಣ ಬಹಳ ಜಾಗ್ರತೆಯ ಮನುಷ್ಯ. ಬೀಗ ಹಾಕಿದ ಮೇಲೂ ಮತ್ತೆ ಮತ್ತೆ ಎಳೆದು ನೋಡುವ ಪೈಕಿ. ಕಂಪ್ಯೂಟರಿನಲ್ಲಿ ಎಷ್ಟು ಎಚ್ಚರಿಕೆಗಳಿವೆಯೋ ಅಷ್ಟನ್ನೂ ಚಾಲೂ ಮಾಡಿಟ್ಟಿದ್ದ. ಸ್ವಲ್ಪ ಇಳಿದರೂ ಪೀಪ್, ಸ್ವಲ್ಪ ಹೊತ್ತು ಕಳೆದರೂ ಪೀಪ್, ಸುಮ್ಮನೆ ಪಕ್ಕಕ್ಕೆ ಸರಿದರೂ ಪೀಪ್. ಬಂದರಿನವರು ಅವನಿಗೆ ಪೀಪಿ ಎಂದೇ ಹೆಸರಿಟ್ಟಿದ್ದರು. ತಮ್ಮನದು ತದ್ವಿರುದ್ಧ. ಅವನು ತನ್ನ ಕಂಪ್ಯೂಟರಿನ ಬಾಯಿ ಪೂರ್ತಿ ಮುಚ್ಚಿಸಿದ್ದ.

"ನಿಂದೊಂದು ಸಾಕಲ್ಲಣ್ಣ, ಇಡೀ ಸಮುದ್ರಕ್ಕೇ ಕೇಳ್ಸುತ್ತೆ. ಚಿಪ್ಪೊಳಗಿನ ಹುಳಾನೂ ಎದ್ದು ಕೂರುತ್ತೆ," ಎಂದು ರೇಗಿಸುತ್ತಿದ್ದ.

ಅಣ್ಣನೂ ನಗುತ್ತಿದ್ದ.

ಆಗಿದ್ದು ಇಷ್ಟೇ. ತಮ್ಮನ ಕಂಪ್ಯೂಟರಿನ ಬ್ಯಾಟರಿ ಮುಗಿದಿತ್ತು. ಅಂಗಡಿಯಲ್ಲಿ ಹೊಸದು ಹಾಕಿಸಿದ. ಬ್ಯಾಟರಿ ಬದಲಾದಾಗ ಆ ಯಂತ್ರ ಕೊಂಡ ದಿನ ಹೇಗಿತ್ತೋ ಹಾಗಾಗಿಬಿಟ್ಟಿತು. ಮುಚ್ಚಿಸಿದ್ದ ಬಾಯಿ ತಾನಾಗಿ ತೆರೆದುಕೊಂಡಿತು. ತಮ್ಮ ನೋಡಲಿಲ್ಲ. ಬೋಟಿನಲ್ಲಿ ಅದು ಪೀಪ್ ಎಂದಿದ್ದರೂ ಎಂಜಿನ್ನಿನ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆ ದಿನ ತಳದಲ್ಲಿ ಬುಟ್ಟಿ ತುಂಬಿತು. ತುಂಬಿದ ಬುಟ್ಟಿಗೆ ಗಾಳಿ ಚೀಲ ಕಟ್ಟಿ ಮೇಲಕ್ಕೆ ಬಿಡುವುದು ರೂಢಿ. ಚೀಲ ಏರುತ್ತಾ ಹೋದಂತೆ ಅದರೊಳಗಿನ ಗಾಳಿ ಉಬ್ಬಿ ಇನ್ನೂ ಜೋರಾಗಿ ಏರುತ್ತದೆ, ಅದಕ್ಕೇ ಬಿಟ್ಟ ಮೇಲೆ ಹಗ್ಗ ಹಿಡಿಯಬಾರದು. ಬುಟ್ಟಿ ಓರೆಯಾಗಿ ಚಿಪ್ಪು ಚೆಲ್ಲುತ್ತದೆಂದು ತಮ್ಮ ಹಗ್ಗ ಹಿಡಿದುಕೊಂಡೇ ಹೊರಟ. ಅಣ್ಣ ಪಕ್ಕದಲ್ಲೇ, ಇನ್ನೂ ತಳದಲ್ಲಿ ನಿಂತಿದ್ದ. ಪೀಪ್ ಪೀಪ್ ಎಂದು ಕೇಳಿಸಿತು. ತಮ್ಮ ಬೆರಳು ಮಾಡಿ ಅಣ್ಣನ ಕೈ ತೋರಿಸಿದ, ಶುರುವಾಯಿತು ನಿನ್ನದು ಎನ್ನುವಂತೆ. ಅಣ್ಣ ತನ್ನ ಕೈ ನೋಡಿಕೊಂಡ. ಅಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ. ಹಾಗಾದರೆ ಇದು ಯಾರದು ಎಂದು ಹೊಳೆದು ತಲೆ ಎತ್ತುವಷ್ಟರಲ್ಲಿ ತಮ್ಮನ ಕಾಲುಗಳು ಬಹಳ ಮೇಲೆ ಕಾಣಿಸಿದವು.

ಬೋಟಿನಲ್ಲಿ ತಮ್ಮ ಚೆನ್ನಾಗಿಯೇ ಇದ್ದ. ಬುಟ್ಟಿ ಚೆಲ್ಲದೆ ತಂದೆ ಎಂದು ಜಂಬ ಕೊಚ್ಚಿಕೊಂಡ. ಸಂಜೆ ಹೆಗಲು ನೋವು ಎಂದ. ಭಾರ ಎತ್ತಿ ಉಳುಕಿರಬೇಕೆಂದು ಅತ್ತಿಗೆ ಬಿಸಿನೀರು ಕಾಸಿಕೊಟ್ಟಳು. ಸ್ನಾನ ಮಾಡಿ ಮಲಗಿದವನು ಬೆಳಿಗ್ಗೆ ಏಳಲು ಹೋದರೆ ಕಾಲು ತನ್ನದಲ್ಲ ಎನ್ನುವ ಹಾಗಿತ್ತು. ಗಾಳಿಯ ಒತ್ತಡ ಏರಿಸಿ ಮೈಯೊಳಗಿನ ಗುಳ್ಳೆ ಕರಗಿಸುವ ಆಸ್ಪತ್ರೆಯ ಒತ್ತಡದ ಕೋಣೆಯಲ್ಲಿ ಮಲಗಿಸಿದರು, ಆಮ್ಲಜನಕ ಕೊಟ್ಟರು. ಜೀವ ಉಳಿಯಿತು, ಎಡಗಾಲಿನಲ್ಲಿ ಅರ್ಧ ಶಕ್ತಿ ಬಂತು, ಬಲಗಾಲು ಸುಮ್ಮನಾಗಿಬಿಟ್ಟಿತು. ಬಂದರಿನಲ್ಲಿ ಅಲ್ಲಿಂದಾಚೆಗೆ ಪೀಪಿ ಎಂದು ಯಾರೂ ಕರೆಯಲಿಲ್ಲ.

ಮನೆಯಲ್ಲಿ ಮೆಟ್ಟಿಲು ಹತ್ತಲಾಗದ ತಮ್ಮನಿಗೆ ಕೆಳಗಿನ ಕೋಣೆ ಬಿಟ್ಟುಕೊಟ್ಟರು. ಅಲ್ಲಿದ್ದ ಸಿಲಿಂಡರುಗಳು ಮೆಟ್ಟಿಲ ಕೆಳಗೆ ಹೋದವು. ಅವನು ಕುರ್ಚಿಯಲ್ಲಿ ಕೂತು ಬಲೆಬುಟ್ಟಿ ಹೆಣೆಯುತ್ತಾನೆ, ಬೋಟಿಗೆ ಹತ್ತಿಸಿದರೆ ಎಂಜಿನ್ ನೋಡಿಕೊಳ್ಳುತ್ತಾನೆ. ಕೈ ಚುರುಕಾಗಿಯೇ ಇದೆ. ಅದನ್ನು ನೋಡಿದರೆ ಅಣ್ಣನಿಗೆ ಇನ್ನಷ್ಟು ಸಂಕಟ.

ಒಂಟಿಯಾಗಿ ನೀರಿಗಿಳಿಯುವುದು ಸರಿಯಲ್ಲ. ಜೊತೆಗೆ ಯಾರು? ಅಣ್ಣನ ಮಗಳು ತರಬೇತಿ ಮುಗಿಸಿದ್ದಳು, ನಾನೇ ಬರುತ್ತೇನೆ ಎಂದಳು. ಅವಳಿಗೆ ಹೊಸ ಕಂಪ್ಯೂಟರ್ ಬಂತು. ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಅಪ್ಪ ಒಂದೊಂದೇ ಸದ್ದನ್ನು ಬಂದ್ ಮಾಡತೊಡಗಿದ.

"ಅದ್ಯಾಕ್ರೀ ಎಲ್ಲಾ ಆಫ್ ಮಾಡ್ತಿದ್ದೀರಾ?" ಎಂದಳು ಹೆಂಡತಿ.

"ಇವಳದ್ದೂ ಬೇಡ, ನಂದೂ ಬೇಡ. ಸದ್ದಿನಿಂದ ಆಗಿದ್ದು ಸಾಕು."

"ಮಗು ಮೊದಲನೇ ಸಲ ನಿಮ್ಮ ಜೊತೆ ಇಳೀತಿದೆ. ದಡದಲ್ಲಿ ಕೂತಿರೋ ನನ್ನ ಗತಿ ಏನು? ಅದು ಕೂಗ್ಲಿ ಬಿಡಿ."

"ನಾನು ಮಗು ಅಲ್ಲಮ್ಮ," ಎಂದಳು ಮಗಳು. ಯಾರೂ ಅವಳ ಮಾತಿಗೆ ಕಿವಿಗೊಡಲಿಲ್ಲ.

ಆ ಹೊತ್ತಿಗೆ ಆಸ್ಪತ್ರೆಯ ನರ್ಸ್ ಬಂದಳು. ಒತ್ತಡದ ಕೋಣೆಯಲ್ಲಿ ತಮ್ಮನನ್ನು ನೋಡಿಕೊಂಡವಳು ಅವಳೇ. ಈಗ ಕಾಲಿನ ವ್ಯಾಯಾಮ ಮಾಡಿಸಲು ಆಗಾಗ ಮನೆಗೆ ಬರುತ್ತಾಳೆ. ಗಂಡಹೆಂಡತಿ ಇಬ್ಬರೂ ಅವಳ ಕಡೆ ತಿರುಗಿದರು.

"ನೀವೇ ಹೇಳಿ ಸಿಸ್ಟರ್, ಸದ್ದು ಇರ್ಬೇಕೋ ಬೇಡ್ವೋ?"

"ನಂಗೆ ಈಜೋಕೂ ಬರಲ್ಲಪ್ಪ," ಎಂದು ನರ್ಸ್ ಕೂತಳು. "ಮೊಣಕಾಲು ಮುಳುಗಿದ್ರೆ ದೇವರನ್ನ ಕರೀತೀನಿ. ನೀವು ಯಾಕೆ ಬೇಡ ಅಂತೀರಾ, ಅದು ಹೇಳಿ."

"ನೋಡಿ, ನೀರಲ್ಲಿ ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ. ಎಲ್ಲಾ ಕಡೆಯಿಂದ ಬಂದ ಹಾಗಿರುತ್ತೆ. ಇಬ್ಬರ ಕೈಲೂ ಅದೇ ಪೀಪ್ ಪೀಪ್. ಸದ್ದೇ ಇಲ್ದಿದ್ರೆ ಅವನು ಕೈ ನೋಡ್ಕೊಂಡೇ ಬರ್ತಿದ್ದ."

"ನಿಮ್ಮ ತಮ್ಮ ನೋಡ್ಕೊತಿದ್ರಾ?"

ಅಣ್ಣ ಕೈಯಲ್ಲಿದ್ದ ಕಂಪ್ಯೂಟರನ್ನು ಮೇಜಿನ ಮೇಲಿಟ್ಟ.

"ನಮ್ಮ ವಾರ್ಡಿನಲ್ಲೂ ಇದೇ ಗೋಳು," ಎಂದಳು ನರ್ಸ್. "ಹಾಸಿಗೆಗೊಂದು ಯಂತ್ರ. ರೋಗಿ ಮಗ್ಗುಲು ತಿರುಗಿದ್ರೂ ಕೂಗೋದು. ದಿನವಿಡೀ ಕೂಗಿ ಕೂಗಿ, ನಿಜವಾಗ್ಲೂ ಕೂಗಿದಾಗ ನಾವ್ಯಾರೂ ತಿರುಗಿ ನೋಡ್ಲಿಲ್ಲ. ಅವತ್ತು ಒಬ್ರು ಕೈತಪ್ಪಿ ಹೋಗೋ ಹಾಗಾಗಿತ್ತು. ಆಮೇಲೆ ಯಂತ್ರಾನ ಮೂಕ ಮಾಡ್ಲಿಲ್ಲ ನಾವು. ಓಡಿ ಹೋಗ್ಬೇಕಾದ್ದಕ್ಕೆ ಮಾತ್ರ ಕೂಗೋ ಹಾಗೆ ಮಾಡಿದ್ವಿ. ಈಗ ಕೂಗಿದ್ರೆ ಓಡ್ತೀವಿ."

"ವಾರ್ಡಲ್ಲಿ ಬೆಳಕಿರುತ್ತೆ ಸಿಸ್ಟರ್. ನೀರಿನ ತಳದಲ್ಲಿ ಕೆಸರು ಕದಡಿದ್ರೆ ನನ್ನ ಕೈ ನನಗೇ ಕಾಣಲ್ಲ."

"ಹಾಗಿದ್ರೆ ಸದ್ದು ಇನ್ನೂ ಬೇಕಲ್ವಾ?"

ಒಳಗಿನ ಕೋಣೆಯಿಂದ ತಮ್ಮನ ದನಿ ಬಂತು.

"ಕಾಲು ಹೋದೋನು ಇಲ್ಲಿದ್ದೀನಿ. ನನ್ನ ಒಂದು ಮಾತು ಕೇಳಿ ಅಂತ ಯಾರಿಗೂ ಅನ್ನಿಸ್ತಿಲ್ವಲ್ಲ."

ಮಗಳು ಹೋಗಿ ಚಿಕ್ಕಪ್ಪನ ಕುರ್ಚಿಯನ್ನು ತಳ್ಳಿಕೊಂಡು ಬಂದಳು. ತಮ್ಮ ಅಣ್ಣನನ್ನೇ ನೋಡಿದ.

"ಅಣ್ಣ, ಇಷ್ಟು ದಿನ ಆಯ್ತು. ನೀನು ನನ್ನ ಒಂದು ಸಲಾನೂ ಕೇಳಿಲ್ಲ. ಈಗ ಕೇಳು."

ಏನನ್ನು ಎಂದು ಅಣ್ಣನಿಗೆ ಗೊತ್ತಿತ್ತು. ಆ ಉತ್ತರಕ್ಕೆ ಹೆದರಿಯೇ ಅವನು ತಮ್ಮನ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ.

"ಅವತ್ತು... ನಿನಗೆ ಸದ್ದು ಕೇಳಿಸ್ತಾ?"

"ಚೆನ್ನಾಗೇ ಕೇಳಿಸ್ತು."

"ಮತ್ತೆ?"

"ನಿಂದು ಅಂದ್ಕೊಂಡೆ. ಇಷ್ಟು ವರ್ಷ ಕೂಗಿದ್ದೆಲ್ಲ ನಿಂದೇ ಅಲ್ವಾ. ಶುರು ಹಚ್ಕೊಂಡ್ಯಾ ಅಂತ ಒಳಗೊಳಗೇ ನಕ್ಕೆ. ನಗ್ತಾ ನಗ್ತಾನೇ ಮೇಲೆ ಬಂದೆ."

ಅಣ್ಣ ಮೇಜಿಗೆ ತಲೆ ತಗ್ಗಿಸಿದ. "ನಾನೇ ನಿನ್ನ ಕಿವಿ ಕೆಡಿಸಿದ್ದು," ಎಂದ.

"ನೀನು ಬೇಡದ್ದಕ್ಕೆಲ್ಲ ಕೂಗಿಸ್ದೆ. ನಾನು ಬೇಕಾದ್ದಕ್ಕೂ ಕೂಗಿಸ್ಲಿಲ್ಲ. ಇಬ್ರೂ ಸೇರೇ ಮಾಡಿದ್ದು ಬಿಡು. ಬ್ಯಾಟರಿ ಹಾಕಿಸ್ದಾಗ ಒಂದು ಸಲ ಒತ್ತಿ ನೋಡಿದ್ರೆ ಆಗಿತ್ತು, ಅದೂ ಮಾಡ್ಲಿಲ್ಲ ನಾನು. ಆದ್ರೆ ಹುಡುಗಿ ಕಂಪ್ಯೂಟರ್ ಬಾಯಿ ಮಾತ್ರ ಮುಚ್ಚಬೇಡ."

"ನಾನೂ ಬಿಸಿನೀರು ಕಾಸಿಕೊಟ್ಟೆನಲ್ಲ," ಎಂದು ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಆಗಲೇ ಆಸ್ಪತ್ರೆಗೆ ಎತ್ತಾಕ್ಕೊಂಡು ಹೋಗಿದ್ರೆ..."

ನರ್ಸ್ ಅವಳ ಕೈ ಹಿಡಿದುಕೊಂಡಳು. ಆಗಲೇ ಬಂದಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಸುಳ್ಳು ಸಮಾಧಾನ ಮಾತ್ರ ಹೇಳಲಿಲ್ಲ.

ಆಮೇಲೆ ಎಲ್ಲರೂ ಮೇಜಿನ ಸುತ್ತ ಕೂತರು. ಅಣ್ಣ ತನ್ನ ಕಂಪ್ಯೂಟರಿನಲ್ಲಿ ಚಿಲ್ಲರೆ ಸದ್ದುಗಳನ್ನೆಲ್ಲ ಬಂದ್ ಮಾಡಿದ. ಅವಸರದಲ್ಲಿ ಮೇಲೇರಿದರೆ, ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ, ಇಳಿಯಬಾರದಷ್ಟು ಇಳಿದರೆ, ಇವಕ್ಕೆ ಮಾತ್ರ ಕೂಗಲಿ ಎಂದು ಇಟ್ಟ. ಮಗಳದ್ದನ್ನೂ ಹಾಗೆಯೇ ಮಾಡಿದರು. ಕೇಳಿಸುತ್ತದೋ ನೋಡೋಣ ಎಂದು ಅವಳು, ನೀರಿಗೆ ಹೋಗುವಾಗ ಕಿವಿ ಮುಚ್ಚುವಂತೆ ತಲೆಗೆ ಹಾಕುವ ರಬ್ಬರ್ ಟೋಪಿ ಏರಿಸಿಕೊಂಡು ಬೆನ್ನು ತಿರುಗಿಸಿ ಕೂತಳು. ಅಡುಗೆಮನೆಯಲ್ಲಿ ಆ ವೇಷ ನೋಡಿ ಅಮ್ಮನಿಗೂ ನಗು ಬಂತು. ಅಪ್ಪ ಹಿಂದಿನಿಂದ ಗುಂಡಿ ಒತ್ತಿ ಸದ್ದು ಮಾಡಿಸಿದ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಮಾಡಿಸಿದ. ಆಗಲೂ ತಿರುಗಲಿಲ್ಲ.

"ಯಾವಾಗ ಒತ್ತುತ್ತೀರಾ?" ಎಂದು ಅವಳು ಕೇಳಿದಾಗ ಮನೆಯವರ ನಗು ನಿಂತಿತು.

ಸದ್ದೊಂದನ್ನೇ ನಂಬಿ ಕೂತರೂ ಕೆಟ್ಟೆವು ಎಂದು ಅಣ್ಣನಿಗೆ ಆಗ ಅರ್ಥವಾಯಿತು. ಮಗಳ ಕಂಪ್ಯೂಟರಿನಲ್ಲಿ ಕೂಗಿನ ಜೊತೆ ಕೈ ನಡುಗಿಸುವ ವ್ಯವಸ್ಥೆಯೂ ಇತ್ತು, ಅದನ್ನು ಚಾಲೂ ಮಾಡಿದರು. ಉಳಿದದ್ದನ್ನು ತಮ್ಮ ಹೇಳಿದ.

"ಕೂಗು ಯಾರದ್ದು ಅಂತ ಊಹೆ ಮಾಡ್ಬೇಡಿ. ಕೇಳಿಸ್ದ ತಕ್ಷಣ ಇಬ್ರೂ ಏರೋದು ನಿಲ್ಸಿ. ಮೊದಲು ಅವರವರ ಕೈ ನೋಡ್ಕೊಳ್ಳಿ, ಆಮೇಲೆ ಒಬ್ಬರಿಗೊಬ್ಬರು ತೋರ್ಸಿ. ಕೇಳಿಸ್ಲಿ ಬಿಡ್ಲಿ, ಕಣ್ಣು ಆಗಾಗ ಕೈ ಮೇಲೆ ಇರ್ಬೇಕು. ಅದು ಕೂಗಿದಾಗ ನೋಡ್ತೀನಿ ಅಂತ ಕೂರ್ಬೇಡಿ."

ಮುಂದೆ ಅಪ್ಪಮಗಳು ನೀರಿಗಿಳಿದ ದಿನ ತಮ್ಮ ಬೋಟಿನಲ್ಲಿ ಎಂಜಿನ್ ಪಕ್ಕ ಕೂತಿದ್ದ. ಇಳಿಯುವ ಮೊದಲು ಎಂಜಿನ್ ಆರಿಸಿ ಇಬ್ಬರ ಸದ್ದನ್ನೂ ಒತ್ತಿಸಿ ಕೇಳಿದ. ಅವರು ಮುಳುಗಿದ ಮೇಲೆ ನೀರಿನ ಮೇಲೆ ಏಳುವ ಗುಳ್ಳೆಗಳನ್ನೇ ನೋಡುತ್ತಾ ಉಳಿದ. ಅಲ್ಲಿಗೆ ಇನ್ನು ತಾನು ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಳು ಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಅತ್ತುಬಿಟ್ಟ.

ಅವರು ಬಂದು ಬೋಟು ಹತ್ತಿದಾಗ ಅಣ್ಣನ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತಣ್ಣ?"

"ಬರ್ತಾ ಬರ್ತಾ ಕೂಗಿತು. ಇವಳದ್ದೇ ಅಂತ ಎದೆ ಧಸಕ್ಕಂತು. ಇವಳು ಗಪ್ಪಂತ ನಿಂತು ತನ್ನ ಕೈ ನೋಡ್ಕೊಂಡ್ಲು, ಆಮೇಲೆ ನನಗೆ ತೋರಿಸಿದ್ಲು. ಇವಳದ್ದು ಸರಿಯಿತ್ತು. ನನ್ನ ಕೈ ನೋಡ್ಕೊಂಡ್ರೆ ನಂದೇ. ಇವಳ ಮೇಲೆ ಕಣ್ಣಿಟ್ಟು ನಾನೇ ಜೋರಾಗಿ ಏರ್ತಿದ್ದೆ."

"ಏನು ಮಾಡ್ದೆ?"

"ಏನಿಲ್ಲ. ನಿಂತೆ. ಆಮೇಲೆ ನಿಧಾನಕ್ಕೆ ಬಂದೆ."

ತಮ್ಮ ಕೈ ಚಾಚಿ ಅಣ್ಣನ ಸಿಲಿಂಡರಿನ ಪಟ್ಟಿ ಬಿಚ್ಚಿದ.

"ಅಷ್ಟೇ ನೋಡಣ್ಣ," ಎಂದ. "ಅವತ್ತು ನಾನು ಮಾಡ್ಬೇಕಾಗಿದ್ದೂ ಅಷ್ಟೇ."

ನೀರಿಗಿಳಿಯುವ ಅಣ್ಣಂದಿರೇ, ಅಕ್ಕಂದಿರೇ, ದಡದಲ್ಲಿ ಕಾಯುವ ಮನೆಯವರೇ, ನಿಮ್ಮ ಹತ್ತಿರ ನನ್ನದೊಂದು ಬೇಡಿಕೆ. ಕಂಪ್ಯೂಟರಿನ ಬಾಯಿ ಪೂರ್ತಿ ಮುಚ್ಚಿಸಬೇಡಿ. ಸುಮ್ಮಸುಮ್ಮನೆ ಕೂಗಲೂ ಬಿಡಬೇಡಿ. ಜೀವಕ್ಕೆ ಕುತ್ತು ಬಂದಾಗ ಮಾತ್ರ ಕೂಗುವಂತೆ ಇಟ್ಟು, ಬ್ಯಾಟರಿ ಬದಲಿಸಿದಾಗಲೆಲ್ಲ ದಡದಲ್ಲೇ ಒತ್ತಿ ಕೇಳಿ ನೋಡಿ. ನೀರೊಳಗೆ ಕೂಗು ಕೇಳಿಸಿದರೆ ಅದು ನಿಮ್ಮದೇ ಎಂದು ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಮೇಲೆ ಬಂದ ನಂತರ ಕೀಲು ನೋವು, ಜೋಮು, ತಲೆಸುತ್ತು ಏನೇ ಇದ್ದರೂ ಉಳುಕು ಎಂದು ಬಿಸಿನೀರು ಹುಯ್ದುಕೊಂಡು ಮಲಗಬೇಡಿ, ಸರಿಹೋಗುತ್ತದೆಂದು ಮತ್ತೆ ನೀರಿಗೂ ಇಳಿಯಬೇಡಿ, ನೇರ ಆಸ್ಪತ್ರೆಗೆ ಹೋಗಿ ನೀರಿಗಿಳಿದಿದ್ದೆ ಎಂದು ಹೇಳಿ. ಈ ಕಥೆಯ ತಮ್ಮನನ್ನು ಬೋಟಿನಿಂದ ದಡಕ್ಕೆ ಇಳಿಸಲು ಇವತ್ತಿಗೂ ಇಬ್ಬರು ಹೆಗಲು ಕೊಡಬೇಕು. ನೀವು ನಿಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗಿ.